ಮೆಷಿನ್ ಕೆಟ್ಟಿಲ್ಲ, ಒಳಗೆ ಕೊಳೆ ಕಟ್ಟಿದೆ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪತ್ರಿಕೆಯಲ್ಲಿ ಯಾವ ವಾಷಿಂಗ್ ಮೆಷಿನ್ ಕೊಂಡರೆ ಒಳ್ಳೆಯದು ಅಂತ ಅರ್ಧ ಪುಟ ಬರೆದಿದ್ದೀರಿ. ಎಷ್ಟು ಕೆಜಿ, ಎಷ್ಟು ಸ್ಟಾರ್, ಮೇಲಿಂದ ಬಟ್ಟೆ ಹಾಕೋದಾ ಮುಂದಿಂದ ಹಾಕೋದಾ, ಎಲ್ಲ ಇತ್ತು. ಅದರ ಪಕ್ಕದಲ್ಲೇ, ಹಳೇ ಮೆಷಿನ್ ಕೊಟ್ಟು ಹೊಸದು ಒಯ್ಯಿರಿ ಅಂತ ದೊಡ್ಡ ಜಾಹೀರಾತು. ಎರಡನ್ನೂ ಪೂರ್ತಿ ಓದಿದೆ. ಕೊಂಡ ಮೇಲೆ ಮೆಷಿನನ್ನ ಹೇಗೆ ಇಟ್ಟುಕೊಳ್ಳಬೇಕು ಅನ್ನೋದಕ್ಕೆ ಮಾತ್ರ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದರೂ ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ತುಮಕೂರಿನಲ್ಲಿ ವಾಷಿಂಗ್ ಮೆಷಿನ್ ರಿಪೇರಿ ಮಾಡುವವನು. ಹತ್ತೊಂಬತ್ತು ವರ್ಷ ಆಯಿತು. ಶಿರಾ ಗೇಟ್‌ನಿಂದ ಕ್ಯಾತ್ಸಂದ್ರದವರೆಗೆ ನಾನು ಹೋಗದ ಬೀದಿ ಕಡಿಮೆ. ಮೆಷಿನ್ ಕೆಟ್ಟಿದೆ ಬನ್ನಿ ಅಂತ ಹತ್ತು ಜನ ಕರೆದರೆ, ಹೋಗಿ ನೋಡಿದಾಗ ಐದಾರು ಮನೆಯಲ್ಲಿ ಏನೂ ಕೆಟ್ಟಿರುವುದಿಲ್ಲ. ಫಿಲ್ಟರ್ ಕಟ್ಟಿರುತ್ತದೆ, ಇಲ್ಲ ನೀರು ಬರುವ ಪೈಪಿನ ಜಾಲರಿ ಮುಚ್ಚಿರುತ್ತದೆ, ಇಲ್ಲ ಡ್ರಮ್ಮಿನ ಹಿಂದೆ ಸೋಪಿನ ಲೋಳೆ ಬೆರಳು ದಪ್ಪ ಕೂತಿರುತ್ತದೆ. ಮನೆಯವರೇ ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದಾದ ಕೆಲಸ. ಅದು ಅವರಿಗೆ ಗೊತ್ತಿಲ್ಲ, ಯಾಕೆಂದರೆ ಯಾರೂ ಹೇಳಿಕೊಟ್ಟಿಲ್ಲ.

ಈಚೆಗೆ ಬಟವಾಡಿ ಕಡೆ ಒಂದು ಮನೆಗೆ ಹೋಗಿದ್ದೆ. ಆರು ವರ್ಷದ ಫ್ರಂಟ್ ಲೋಡ್. ಒಗೆದ ಬಟ್ಟೆಯೇ ವಾಸನೆ ಬರುತ್ತದೆ, ಮಗನ ಬಿಳಿ ಯೂನಿಫಾರಂ ಮೇಲೆ ಕಪ್ಪು ಚೂರು ಅಂಟಿಕೊಂಡು ಬರುತ್ತದೆ ಅಂತ ಆ ಅಮ್ಮ ಬೇಜಾರು ಮಾಡಿಕೊಂಡಿದ್ದರು. ಮೊದಲು ಬಂದು ನೋಡಿದವರೊಬ್ಬರು ಡ್ರಮ್ಮೇ ಬದಲಾಯಿಸಬೇಕು ಅಂತ ಹೇಳಿ ಒಂಬತ್ತು ಸಾವಿರದ ಲೆಕ್ಕ ಬರೆದುಕೊಟ್ಟು ಹೋಗಿದ್ದಾರೆ. ಅಷ್ಟು ಕೊಡೋ ಬದಲು ಎಕ್ಸ್‌ಚೇಂಜಿಗೆ ಹಾಕೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು ಬಾಗಿಲ ರಬ್ಬರಿನ ಮಡಿಕೆ ಬಿಡಿಸಿ ತೋರಿಸಿದೆ. ಒಳಗೆ ಕಪ್ಪಗೆ ಬೂಷ್ಟು, ನೆನೆದ ಕಾಗದದ ಮುದ್ದೆ, ಒಂದು ಮಗುವಿನ ಕಾಲುಚೀಲ. ಸೋಪು ಹಾಕುವ ಡ್ರಾಯರನ್ನ ಪೂರ್ತಿ ಈಚೆಗೆ ಎಳೆದರೆ ಅದರ ಗೂಡಿನ ಮೇಲ್ಭಾಗದಲ್ಲೂ ಕಪ್ಪು. ಆ ಡ್ರಾಯರ್ ಈಚೆಗೆ ಬರುತ್ತದೆ ಅನ್ನೋದೇ ಅವರಿಗೆ ಆರು ವರ್ಷದಿಂದ ಗೊತ್ತಿರಲಿಲ್ಲ. ಅವತ್ತು ಮಾಡಿದ ಕೆಲಸ ಎರಡು ಗಂಟೆಯದು. ಆ ಮೆಷಿನ್ ಈಗಲೂ ಅದೇ ಮನೆಯಲ್ಲಿ ಓಡುತ್ತಿದೆ.

ಇದೆಲ್ಲ ಯಾಕೆ ಆಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕಾರಣ ಗೊತ್ತಾದರೆ ಏನು ಮಾಡಬೇಕು ಅನ್ನೋದು ತಾನಾಗೇ ಹೊಳೆಯುತ್ತದೆ.

ಮೊದಲನೆಯದು ನೀರು. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಲ್ಲಿಗೆ ಬರುತ್ತದೆ. ಆ ನೀರು ಮೆದು. ಆದರೆ ಅದು ದಿನಾ ಬರಲ್ಲ. ಬಂದಾಗ ಸಂಪಿಗೆ ಬಿಟ್ಟುಕೊಳ್ಳುತ್ತೇವೆ, ಸಾಲದಿದ್ದಕ್ಕೆ ಬೋರ್ ನೀರು. ಹೊಸ ಬಡಾವಣೆಗಳಲ್ಲಂತೂ ಪೂರ್ತಿ ಬೋರೇ. ಬೆಂಗಳೂರಿನ ಹೊರಗಿನ ಬಡಾವಣೆಗಳದ್ದೂ, ಕೋಲಾರ, ಚಿಕ್ಕಬಳ್ಳಾಪುರದ್ದೂ ಇದೇ ಕಥೆ. ನಾವು ಅದನ್ನ ಉಪ್ಪು ನೀರು ಅಂತೀವಿ, ಸರಿಯಾಗಿ ಹೇಳಬೇಕೆಂದರೆ ಗಡಸು ನೀರು. ಅದರಲ್ಲಿ ಸುಣ್ಣದ ಅಂಶ ಜಾಸ್ತಿ. ಕುಡಿಯುವ ನೀರಿಗೆ ಸರ್ಕಾರದ ಮಾನಕ ಏನು ಹೇಳುತ್ತದೆ ಅಂದರೆ, ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಸಹಿಸಬಹುದು. ಕುಡಿಯೋದಕ್ಕಾದರೆ ಬೀದಿ ಕೊನೆಯ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಮೆಷಿನ್‌ಗೆ ಯಾರು ಕ್ಯಾನ್ ತರುತ್ತಾರೆ? ಅದಕ್ಕೆ ಟ್ಯಾಂಕಿನಿಂದ ಇಳಿಯುವ ಬೋರ್ ನೀರೇ ಗತಿ.

ಬಚ್ಚಲು ಒಲೆಯ ಹಂಡೆ ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ. ದಿನಾ ನೀರು ಕಾಯಿಸಿ ಕಾಯಿಸಿ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದಲ್ವಾ, ಅದು ಸುಣ್ಣವೇ. ತಣ್ಣಗಿದ್ದಾಗ ನೀರಲ್ಲಿ ಕರಗಿ ಕಾಣದೆ ಇರುವುದು ಕಾದಾಗ ಗಟ್ಟಿಯಾಗಿ ಕೂರುತ್ತದೆ. ಫ್ರಂಟ್ ಲೋಡ್ ಮೆಷಿನ್ ಒಳಗೆ ನೀರು ಕಾಯಿಸಲು ಒಂದು ಹೀಟರ್ ರಾಡ್ ಇರುತ್ತದೆ, ಸುಮಾರು 2000 ವ್ಯಾಟ್‌ನದು. ಹಂಡೆಗೆ ಆಗಿದ್ದೇ ಆ ರಾಡಿಗೂ ಆಗುತ್ತದೆ. ಸುಣ್ಣದ ಪೊರೆ ದಪ್ಪ ಆದಷ್ಟೂ ರಾಡಿನ ಬಿಸಿ ನೀರಿಗೆ ಇಳಿಯಲ್ಲ, ರಾಡೇ ಕಾದು ಕಾದು ಒಂದು ದಿನ ಸುಟ್ಟುಹೋಗುತ್ತದೆ. ನಾನು ಬಿಚ್ಚಿ ತೆಗೆದ ಕೆಲವು ರಾಡುಗಳು ಚಕ್ಕುಲಿಗೆ ಸುಣ್ಣ ಮೆತ್ತಿದ ಹಾಗೆ ಇದ್ದವು. ಅಂಗಡಿಯಲ್ಲಿ ಒಂದೆರಡನ್ನ ಎತ್ತಿಟ್ಟಿದ್ದೇನೆ, ಬಂದವರಿಗೆ ತೋರಿಸೋದಕ್ಕೆ.

ಎರಡನೆಯದು ಸೋಪಿನ ಪುಡಿ. ಇದನ್ನ ಹೇಳಿದರೆ ಯಾರೂ ನಂಬಲ್ಲ, ಆದರೂ ಹೇಳುತ್ತೇನೆ. ಮೆಷಿನ್ ಹಾಳಾಗೋದು ಸೋಪು ಕಡಿಮೆ ಆಗಿ ಅಲ್ಲ, ಜಾಸ್ತಿ ಆಗಿ. ಗಡಸು ನೀರಿನಲ್ಲಿ ನೊರೆ ಬರಲ್ಲ. ಕಲ್ಲಿನ ಮೇಲೆ ಒಗೆದು ಅಭ್ಯಾಸ ಇರುವವರಿಗೆ ನೊರೆ ಬರದಿದ್ದರೆ ಸಮಾಧಾನ ಇಲ್ಲ, ಅದಕ್ಕೆ ಇನ್ನೊಂದು ಚಮಚ, ಇನ್ನೊಂದು ಹಿಡಿ ಅಂತ ಸುರಿಯುತ್ತಾರೆ. ಫ್ರಂಟ್ ಲೋಡ್‌ಗೆ ನೀರು ಬಳಕೆಯೇ ಕಡಿಮೆ, ಟಾಪ್ ಲೋಡ್‌ನ ಅರ್ಧದಷ್ಟು ಅನ್ನಬಹುದು. ಅಷ್ಟು ನೀರಿನಲ್ಲಿ ಅಷ್ಟೊಂದು ಸೋಪು ತೊಳೆದು ಹೋಗಲ್ಲ. ಉಳಿದಿದ್ದು ಸುಣ್ಣದ ಜೊತೆ, ಬಟ್ಟೆಯ ಜಿಡ್ಡಿನ ಜೊತೆ, ದಾರದ ನಾರಿನ ಜೊತೆ ಸೇರಿ ಬೂದು ಬಣ್ಣದ ಲೋಳೆ ಆಗುತ್ತದೆ. ಅದು ಕೂರುವ ಜಾಗ ನಿಮ್ಮ ಕಣ್ಣಿಗೆ ಬೀಳಲ್ಲ. ನಾವು ಬಾಗಿಲು ತೆಗೆದಾಗ ಕಾಣುವ ತೂತು ತೂತಿನ ಸ್ಟೀಲ್ ಡ್ರಮ್ ಇದೆಯಲ್ಲ, ಅದರ ಹೊರಗೆ ಇನ್ನೊಂದು ಪ್ಲಾಸ್ಟಿಕ್ ತೊಟ್ಟಿ ಇರುತ್ತದೆ. ಇವೆರಡರ ನಡುವಿನ ಸಂದಿಯಲ್ಲಿ ಆ ಲೋಳೆ ಬೆಳೆಯುತ್ತದೆ. ಒಳಗಿನ ಸ್ಟೀಲ್ ಫಳಫಳ ಹೊಳೆಯುತ್ತಲೇ ಇರುತ್ತದೆ, ಹಿಂದುಗಡೆ ಚರಂಡಿ. ಬಟ್ಟೆ ಮೇಲೆ ಬರುವ ಕಪ್ಪು ಚೂರು ಅಲ್ಲಿಂದ ಕಿತ್ತು ಬಂದಿದ್ದು.

ಇನ್ನೂ ಒಂದು ಮಾತು ಇದೆ. ಫ್ರಂಟ್ ಲೋಡ್ ಡ್ರಮ್ಮನ್ನ ಹಿಂದಿನಿಂದ ಹಿಡಿದುಕೊಂಡಿರುವ ಮೂರು ಕೈಯ ಒಂದು ಭಾಗ ಇರುತ್ತದೆ, ನಾವು ಸ್ಪೈಡರ್ ಅನ್ನುತ್ತೇವೆ. ಸಾಮಾನ್ಯವಾಗಿ ಅದು ಅಲ್ಯೂಮಿನಿಯಂದು. ಸೋಪಿನ ಲೋಳೆ ಅದರ ಮೇಲೆ ವರ್ಷಗಟ್ಟಲೆ ಕೂತರೆ ಅದನ್ನೇ ತಿಂದುಹಾಕುತ್ತದೆ. ಒಂದು ದಿನ ಕೈ ಮುರಿದು ಡ್ರಮ್ ವಾಲುತ್ತದೆ, ಸ್ಪಿನ್ ಆಗುವಾಗ ಮನೆ ಮುಂದೆ ಗೂಡ್ಸ್ ರೈಲು ಹೋದ ಹಾಗೆ ಸದ್ದು. ಅದು ಮಾತ್ರ ನಿಜವಾಗಿ ದೊಡ್ಡ ರಿಪೇರಿ. ಆ ಹಂತಕ್ಕೆ ಬರೋದಕ್ಕೆ ಮುಂಚೆ ಎಷ್ಟೋ ವರ್ಷ ಸಮಯ ಇರುತ್ತದೆ, ಅನ್ನೋದೇ ನನಗೆ ಹೊಟ್ಟೆ ಉರಿಯುವ ವಿಷಯ.

ಮೂರನೆಯದು ತೇವ. ಒಗೆದು ಮುಗಿದ ತಕ್ಷಣ ಬಾಗಿಲು ಗಟ್ಟಿಯಾಗಿ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸುತ್ತಾರೆ, ಧೂಳು ಕೂರಬಾರದು ಅಂತ. ಒಳಗೆ ಕತ್ತಲು, ತೇವ, ತಿನ್ನೋಕೆ ಸೋಪಿನ ಲೋಳೆ, ಬೂಷ್ಟಿಗೆ ಇನ್ನೇನು ಬೇಕು? ಒಗೆದಾದ ಮೇಲೆ ಬಾಗಿಲು ಒಂದು ಗೇಣು ತೆರೆದಿಡಿ. ಸೋಪಿನ ಡ್ರಾಯರನ್ನೂ ಅಷ್ಟೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಹುಷಾರು, ಮಕ್ಕಳು ಡ್ರಮ್ಮಿನೊಳಗೆ ಹೋಗಿ ಕೂರುತ್ತಾರೆ. ಅಂಥ ಮನೆಯಲ್ಲಿ ಮೆಷಿನ್ ಇರುವ ಬಚ್ಚಲಿನ ಬಾಗಿಲಿಗೆ ಮೇಲಿನ ಚಿಲಕ ಹಾಕಿ, ಅದು ಆಗಲ್ಲ ಅಂದರೆ ಒಂದೆರಡು ಗಂಟೆ ಎದುರಿಗೇ ಇದ್ದು ಆರಿಸಿ, ಬಟ್ಟೆಯಲ್ಲಿ ಒರೆಸಿ ಮುಚ್ಚಿಬಿಡಿ.

ಈಗ ಕ್ಲೀನಿಂಗಿಗೆ ಬರೋಣ.

ಅಡುಗೆಮನೆಯಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಾಕಿ ಉಜ್ಜುತ್ತೀರಲ್ವಾ? ಸುಣ್ಣದ ಕಲೆ ಹೋಗೋದಕ್ಕೂ ಹುಳಿಯೇ ಮದ್ದು. ಕಂಪನಿಯವರು ಡೀಸ್ಕೇಲಿಂಗ್ ಪೌಡರ್ ಅಂತ ಚಿಕ್ಕ ಪೊಟ್ಟಣ ಮಾರುತ್ತಾರೆ, ಅವುಗಳಲ್ಲಿ ಹೆಚ್ಚಿನವುಗಳ ಮುಖ್ಯ ಸರಕು ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ, ಅದೇ ಇದು. ಕಂಪನಿ ಪೊಟ್ಟಣ ಕೊಳ್ಳುವ ಶಕ್ತಿ ಇದ್ದರೆ ಅದನ್ನೇ ಹಾಕಿ, ತಪ್ಪಿಲ್ಲ. ಇಲ್ಲದಿದ್ದರೆ ನೂರು ಗ್ರಾಂ ನಿಂಬೆ ಉಪ್ಪನ್ನ ಖಾಲಿ ಡ್ರಮ್ಮಿಗೆ ಹಾಕಿ, ಒಂದೂ ಬಟ್ಟೆ ಇಲ್ಲದೆ, 60 ಡಿಗ್ರಿಯಲ್ಲಿ ಒಂದು ಸಲ ಓಡಿಸಿ. ಆಮೇಲೆ ಬರೀ ನೀರಿನಲ್ಲಿ ಇನ್ನೊಂದು ಸಲ. ಬೋರ್ ನೀರಿನ ಮನೆಗೆ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಒಳ್ಳೆಯದು ಅಂತ ವಾರ ವಾರ ಹಾಕಬೇಡಿ, ಹುಳಿ ಜಾಸ್ತಿ ಆದರೆ ರಬ್ಬರಿಗೂ ಅಲ್ಯೂಮಿನಿಯಂಗೂ ಕೆಟ್ಟದ್ದೇ. ಇದು ಬಿಟ್ಟು ತಿಂಗಳಿಗೊಮ್ಮೆ ಮೆಷಿನ್‌ನಲ್ಲೇ ಇರುವ ಟಬ್ ಕ್ಲೀನ್ ಅನ್ನೋ ಪ್ರೋಗ್ರಾಂ ಒತ್ತಿ. ಎಷ್ಟೋ ಜನಕ್ಕೆ ತಮ್ಮ ಮೆಷಿನ್‌ನಲ್ಲಿ ಆ ಬಟನ್ ಇದೆ ಅನ್ನೋದೇ ಗೊತ್ತಿಲ್ಲ. ಯಾವಾಗಲೂ ತಣ್ಣೀರಿನ ಕ್ವಿಕ್ ವಾಷ್ ಒಂದನ್ನೇ ಒತ್ತುವ ಮನೆಗಳಲ್ಲಿ ಲೋಳೆ ಬೇಗ ಬೆಳೆಯುತ್ತದೆ. ತಿಂಗಳಿಗೆ ಒಂದೆರಡು ಸಲ ಟವಲು, ಹಾಸಿಗೆ ಬಟ್ಟೆಯನ್ನಾದರೂ ಬಿಸಿ ನೀರಿನಲ್ಲಿ ಒಗೆಯಿರಿ.

ಟಾಪ್ ಲೋಡ್‌ನಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಹೀಟರ್ ಇರಲ್ಲ. ಅದಕ್ಕೆ ಗೀಸರಿನ ಬಿಸಿ ನೀರನ್ನ ಬಕೆಟ್‌ನಲ್ಲಿ ತಂದು ಸುರಿಯಿರಿ, ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟ ಆಗುತ್ತದೆ. ನಿಂಬೆ ಉಪ್ಪು ಹಾಕಿ ಐದು ನಿಮಿಷ ತಿರುಗಿಸಿ, ನಿಲ್ಲಿಸಿ ಒಂದು ಗಂಟೆ ಹಾಗೇ ನೆನೆಯಲು ಬಿಡಿ, ಆಮೇಲೆ ಪೂರ್ತಿ ಓಡಿಸಿ. ಮೊದಲ ಸಲ ಮಾಡುವವರು ಹೆದರಬೇಡಿ, ನೀರಿನ ಮೇಲೆ ಕಪ್ಪು ಸಿಪ್ಪೆ ಸಿಪ್ಪೆ ತೇಲಿ ಬರುತ್ತದೆ. ಟೀ ಸೋಸುವ ಜಾಲರಿಯಲ್ಲಿ ಎತ್ತಿ ಹಾಕಿ, ಚರಂಡಿ ಪೈಪಿಗೆ ಬಿಟ್ಟರೆ ಅಲ್ಲಿ ಕಟ್ಟುತ್ತದೆ. ಡ್ರಮ್ಮಿನ ಗೋಡೆಗೆ ಸಿಕ್ಕಿಸಿರುವ ಸಣ್ಣ ಜಾಲರಿ ಚೀಲವನ್ನ ಮಾತ್ರ ವಾರಕ್ಕೊಮ್ಮೆ ತೆಗೆದು ನಲ್ಲಿ ಕೆಳಗೆ ತಿರುವಿ ತೊಳೆಯಿರಿ. ಅದು ಹರಿದಿದ್ದರೆ ಹೊಸದು ಹಾಕಿ, ದುಬಾರಿ ಅಲ್ಲ. ಸೆಮಿ ಆಟೋಮ್ಯಾಟಿಕ್ ಇರುವವರಿಗೆ ತೊಂದರೆ ಇನ್ನೂ ಕಡಿಮೆ, ನೀರು ಹೋಗುವ ಪೈಪನ್ನ ಪೂರ್ತಿ ಕೆಳಕ್ಕೆ ಇಳಿಸಿ ಕೊನೆಯ ಹನಿಯವರೆಗೂ ನೀರು ಬಸಿದರೆ ಅರ್ಧ ಕೆಲಸ ಆದ ಹಾಗೆ.

ಫ್ರಂಟ್ ಲೋಡ್ ಇರುವವರು ಒಂದೇ ಒಂದು ಕೆಲಸ ಕಲಿಯಿರಿ ಅಂದರೆ ನಾನು ಹೇಳೋದು ಕೆಳಗಿನ ಫಿಲ್ಟರ್ ತೆಗೆಯೋದನ್ನ. ಮೆಷಿನ್‌ನ ಮುಂದೆ, ಬಲಗಡೆಯೋ ಎಡಗಡೆಯೋ ಕೆಳಮೂಲೆಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಬಿಸಿ ನೀರಿನಲ್ಲಿ ಒಗೆದಿದ್ದರೆ ಆರುವವರೆಗೆ ಕಾಯಿರಿ. ಮುಚ್ಚಳ ತೆಗೆದರೆ ಎಷ್ಟೋ ಮೆಷಿನ್‌ಗಳಲ್ಲಿ ಬೆರಳು ಗಾತ್ರದ ಒಂದು ಪೈಪು ಇರುತ್ತದೆ, ಅದರ ಬಿರಡೆ ತೆಗೆದು ಒಳಗೆ ನಿಂತ ನೀರನ್ನ ಅಗಲ ತಟ್ಟೆಗೆ ಬಿಟ್ಟುಕೊಳ್ಳಿ. ಆಮೇಲೆ ದೊಡ್ಡ ಗುಬುಟನ್ನ ನಿಧಾನಕ್ಕೆ ಎಡಕ್ಕೆ ತಿರುಗಿಸಿ. ಕೆಳಗೆ ಹಳೇ ಪಂಚೆ ಹಾಸಿರಿ, ಇನ್ನೂ ಸ್ವಲ್ಪ ನೀರು ಬರುತ್ತದೆ. ಫಿಲ್ಟರ್ ತೊಳೆದು, ಅದು ಕೂರುವ ಗೂಡಿಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಪಂಪಿನ ಪುಟ್ಟ ರೆಕ್ಕೆ ಕಾಣುತ್ತದೆ, ಅದಕ್ಕೆ ಕೂದಲು, ದಾರ ಸುತ್ತಿರಬಾರದು. ವಾಪಸ್ ಹಾಕುವಾಗ ಕೊನೆವರೆಗೂ ತಿರುಗಿಸಿ, ಸಡಿಲ ಇದ್ದರೆ ರಾತ್ರಿ ಮನೆ ತುಂಬ ನೀರು.

ಆ ಫಿಲ್ಟರ್‌ನಲ್ಲಿ ಏನೇನು ಸಿಗುತ್ತದೆ ಅಂತ ಹೇಳಿದರೆ ಒಂದು ಪುಟ ಆಗುತ್ತದೆ. ಕಾಯಿನ್, ಹೇರ್ ಪಿನ್, ಗುಂಡಿ, ಸೇಫ್ಟಿ ಪಿನ್, ಕಾಲುಂಗುರ. ಆದರೆ ಒಂದು ಮನೆಯದು ಮರೆಯೋಕೆ ಆಗಲ್ಲ. ನೀರು ಹೊರಗೆ ಹೋಗ್ತಿಲ್ಲ ಅಂತ ಕರೆದಿದ್ದರು. ಫಿಲ್ಟರ್ ತಿರುಗಿಸಿ ತೆಗೆದರೆ ಕೂದಲಿನ ಉಂಡೆಯ ಒಳಗೆ ಒಂದು ಹರಳಿನ ಮೂಗುತಿ. ಆ ಮನೆಯ ಅಜ್ಜಿ ಅದನ್ನ ನೋಡಿದ್ದೇ ಅಲ್ಲೇ ಕುಸಿದು ಕೂತುಬಿಟ್ಟರು. ಎಂಟು ತಿಂಗಳ ಹಿಂದೆ ಅದು ಕಳೆದಿತ್ತಂತೆ. ಮನೆಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮೇಲೆ ಅನುಮಾನ ಪಟ್ಟು, ಬಾಯಿ ಬಿಟ್ಟು ಕೇಳಿ, ಆಕೆ ಅತ್ತುಕೊಂಡು ಕೆಲಸ ಬಿಟ್ಟು ಹೋಗಿದ್ದಳಂತೆ. ಹನ್ನೊಂದು ವರ್ಷ ಆ ಮನೆಯಲ್ಲಿ ದುಡಿದವಳು. ಅವತ್ತು ಸಂಜೆಯೇ ಅಜ್ಜಿ ಮಗನನ್ನ ಕರೆದುಕೊಂಡು ಆಕೆಯ ಮನೆ ಹುಡುಕಿಕೊಂಡು ಹೋದರು ಅಂತ ಆಮೇಲೆ ಗೊತ್ತಾಯಿತು. ಆಕೆ ಮತ್ತೆ ಆ ಮನೆಗೆ ಬರಲಿಲ್ಲ. ಎರಡು ನಿಮಿಷದಲ್ಲಿ ತೆಗೆಯಬಹುದಾದ ಮುಚ್ಚಳ ಅದು.

ನೀರು ಒಳಗೆ ಬರ್ತಿಲ್ಲ, ಇಲ್ಲ ತುಂಬಾ ನಿಧಾನ ಅಂದರೆ, ಮೊದಲು ನಲ್ಲಿ ಮುಚ್ಚಿ ಹಿಂದಿನ ಪೈಪ್ ಬಿಚ್ಚಿ ನೋಡಿ. ಮೆಷಿನ್‌ಗೆ ಸೇರುವ ಬಾಯಲ್ಲಿ ಉಂಗುರದಷ್ಟು ಚಿಕ್ಕ ಜಾಲರಿ ಇರುತ್ತದೆ. ಬೋರಿನ ಮರಳು, ಟ್ಯಾಂಕಿನ ಪಾಚಿ ಎಲ್ಲ ಅಲ್ಲಿ ಕಟ್ಟುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು ಹಳೇ ಹಲ್ಲಿನ ಬ್ರಷ್‌ನಲ್ಲಿ ಉಜ್ಜಿ ಹಾಕಿದರೆ ಆಯಿತು. ವರ್ಷಕ್ಕೊಮ್ಮೆಯೂ ಟ್ಯಾಂಕ್ ತೊಳೆಯದ ಮನೆಗೆ ಈ ಕೆಲಸ ಪದೇ ಪದೇ ಬರುತ್ತದೆ.

ಸೋಪಿನ ಅಳತೆ ಬಗ್ಗೆ ಇನ್ನೊಂದು ಸಲ. ಪ್ಯಾಕೆಟ್ ಹಿಂದೆ ಅಳತೆ ಬರೆದಿರುತ್ತದೆ, ಅಷ್ಟೇ ಹಾಕಿ. ಫ್ರಂಟ್ ಲೋಡ್‌ಗೆ ಅದಕ್ಕಂತಲೇ ಬರುವ ಕಡಿಮೆ ನೊರೆಯ ಪುಡಿಯನ್ನೋ ಲಿಕ್ವಿಡನ್ನೋ ತನ್ನಿ, ಕೈಯಲ್ಲಿ ಒಗೆಯುವ ಪುಡಿ ಬೇಡ. ಘಮಘಮ ಅನ್ನೋ ಕಂಡಿಷನರನ್ನೂ ಕಡಿಮೆ ಮಾಡಿ, ಅದೂ ಜಿಡ್ಡೇ. ಬಟ್ಟೆ ತುರುಕಬೇಡಿ. 7 ಕೆಜಿ ಅಂದರೆ ಒಣ ಬಟ್ಟೆಯ ತೂಕ. ಬಟ್ಟೆ ಹಾಕಿದ ಮೇಲೆ ಡ್ರಮ್ಮಿನ ಮೇಲ್ಭಾಗದಲ್ಲಿ ನಿಮ್ಮ ಅಂಗೈ ನಿಲ್ಲಿಸಿದರೆ ಹಿಡಿಸಬೇಕು, ಅಷ್ಟು ಜಾಗ ಇರಲಿ. ಜಮಖಾನ, ಕಂಬಳಿಯನ್ನ ಕಲ್ಲಿನ ಮೇಲೆ ಒಗೆಯೋದೇ ಮೇಲು.

ನಲ್ಲಿಗೆ ಸಿಕ್ಕಿಸುವ ಅಯಸ್ಕಾಂತ, ನೀರು ಮೆದು ಮಾಡುವ ಮಾಂತ್ರಿಕ ಪೈಪು ಅಂತ ವಸ್ತುಪ್ರದರ್ಶನದಲ್ಲಿ ಮಾರುತ್ತಾರೆ. ನಾನು ನೋಡಿದ ಯಾವ ಮನೆಯಲ್ಲೂ ಅದರಿಂದ ರಾಡಿನ ಮೇಲಿನ ಸುಣ್ಣ ಕಡಿಮೆ ಆಗಿದ್ದು ಕಾಣಲಿಲ್ಲ. ದುಡ್ಡು ಇದ್ದರೆ ಉಪ್ಪು ಹಾಕಿ ಓಡಿಸುವ ನಿಜವಾದ ಸಾಫ್ಟ್‌ನರ್ ಕೆಲಸ ಮಾಡುತ್ತದೆ. ಅದಕ್ಕೆ ದುಡ್ಡಿಲ್ಲದವರಿಗೆ ನಿಂಬೆ ಉಪ್ಪು ಇದೆ.

ಈಗ ಭಯದ ಮಾತು, ದಯವಿಟ್ಟು ಇದನ್ನ ಕತ್ತರಿಸಬೇಡಿ. ಫೋನಿನಲ್ಲಿ ಬರುವ ವಿಡಿಯೋ ನೋಡಿ ಜನ ಏನೇನೋ ಸುರಿಯುತ್ತಾರೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನ ಡ್ರಮ್ಮಿಗೆ ಹಾಕಿದ ಮನೆ ನೋಡಿದ್ದೇನೆ. ಅದು ಸ್ಟೀಲನ್ನೇ ತಿಂದು ತುಕ್ಕು ಹಿಡಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ಬ್ಲೀಚನ್ನ ಹುಳಿಯ ಜೊತೆ ಸೇರಿಸೋದು. ನಿಂಬೆ ಉಪ್ಪು, ವಿನೆಗರ್, ಆಸಿಡ್, ಇವುಗಳಲ್ಲಿ ಯಾವುದರ ಜೊತೆ ಬ್ಲೀಚ್ ಸೇರಿದರೂ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದನ್ನ ಉಸಿರಾಡಿದರೆ ಜೀವಕ್ಕೇ ಅಪಾಯ. ಹೆಗ್ಗೆರೆ ಹತ್ತಿರ ಒಬ್ಬ ತಾಯಿ ಹೀಗೆ ಮಾಡಿ, ಕೆಮ್ಮಿ ಕೆಮ್ಮಿ ಕಣ್ಣು ಬಿಡೋಕೆ ಆಗದೆ ಹೊರಗೆ ಓಡಿ ಬಂದಿದ್ದರು. ನಾನು ಹೋದಾಗಲೂ ಬಚ್ಚಲಲ್ಲಿ ಆ ಘಾಟು ಇತ್ತು. ಒಂದು ದಿನಕ್ಕೆ ಒಂದೇ ಮದ್ದು. ಇದನ್ನ ಮನೆಯಲ್ಲಿ ಎಲ್ಲರಿಗೂ ಹೇಳಿ.

ಕರೆಂಟ್ ವಿಷಯವೂ ಅಷ್ಟೇ. ಮೆಷಿನ್ ಮುಟ್ಟಿದರೆ ಜುಂ ಅನ್ನುತ್ತದೆ, ಚಪ್ಪಲಿ ಹಾಕಿಕೊಂಡು ಮುಟ್ಟುತ್ತೇವೆ ಅಂತ ಎಷ್ಟೋ ಮನೆಯಲ್ಲಿ ಸಹಜವಾಗಿ ಹೇಳುತ್ತಾರೆ. ಅದು ಸಹಜ ಅಲ್ಲ. ಅರ್ತಿಂಗ್ ಇಲ್ಲ ಅಂತ ಅರ್ಥ, ಇಲ್ಲ ಒಳಗೆ ವೈರ್ ಎಲ್ಲೋ ತಾಗುತ್ತಿದೆ ಅಂತ. ಅವತ್ತೇ ಬಳಸೋದು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. 16 ಆಂಪಿಯರ್‌ನ ಮೂರು ಪಿನ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅನ್ನೋ ಸುರಕ್ಷತಾ ಸ್ವಿಚ್ ಹಾಕಿಸಿದರೆ ಕರೆಂಟ್ ಲೀಕ್ ಆದ ತಕ್ಷಣ ಅದು ತಾನೇ ಕಡಿಯುತ್ತದೆ. ಹೊಸ ಮೆಷಿನ್‌ಗೆ ಪೂಜೆ ಮಾಡುವ ಮುಂಚೆ ಇದನ್ನ ಮಾಡಿಸಿ. ಮಳೆಗಾಲದಲ್ಲಿ ಇಲಿ ಕೆಳಗಿನಿಂದ ನುಗ್ಗಿ ವೈರ್ ಕಡಿಯುತ್ತದೆ, ಹಲ್ಲಿ ಬೋರ್ಡಿನ ಮೇಲೆ ಸತ್ತು ಶಾರ್ಟ್ ಆಗುತ್ತದೆ. ತಳಕ್ಕೆ ಜಾಲರಿ ಹಾಕಿಸಿ, ಗಾಳಿಯಾಡುವ ಹಾಗೆ.

ನನ್ನ ದೂರು ಈಗ. ಮೋಟಾರಿಗೆ ಹತ್ತು ವರ್ಷ ವಾರಂಟಿ ಅಂತ ಮೆಷಿನ್ ಮೇಲೆ ದೊಡ್ಡ ಸ್ಟಿಕ್ಕರ್ ಅಂಟಿಸುತ್ತಾರೆ. ನಾನು ಹೇಳಿದ ಯಾವ ತೊಂದರೆಯೂ ಮೋಟಾರಿನದಲ್ಲ. ಸುಣ್ಣ, ಕಾಯಿನ್, ಕೊಳೆ ಇವು ಸಾಮಾನ್ಯವಾಗಿ ವಾರಂಟಿಗೆ ಬರಲ್ಲ. ಹಾಗಾದರೆ ಅವನ್ನ ತಡೆಯೋದು ಹೇಗೆ ಅಂತ ಕೊಂಡವರಿಗೆ ಹೇಳಬೇಕಲ್ವಾ? ಪೆಟ್ಟಿಗೆಯಲ್ಲಿ ಪುಸ್ತಕ ಇರುತ್ತದೆ, ನಿಜ. ನನ್ನ ಕೈಗೆ ಬಂದ ಬಹುತೇಕ ಪುಸ್ತಕಗಳು ಇಂಗ್ಲಿಷ್‌ನಲ್ಲಿ, ಜೊತೆಗೆ ಕೆಲವು ಹಿಂದಿಯಲ್ಲಿ. ಕ್ಯಾತ್ಸಂದ್ರದ ಒಬ್ಬ ಅಮ್ಮ ಕನ್ನಡ ಪೇಪರನ್ನ ಕೊನೆ ಪುಟದವರೆಗೆ ಓದುತ್ತಾರೆ, ಮೆಷಿನ್ ಪುಸ್ತಕ ಮಾತ್ರ ಪ್ಲಾಸ್ಟಿಕ್ ಕವರಿನಿಂದ ಈಚೆಗೇ ಬಂದಿರಲಿಲ್ಲ. ಆ ಪುಸ್ತಕದಲ್ಲಿ ಫಿಲ್ಟರ್ ಎಲ್ಲಿದೆ ಅಂತ ಚಿತ್ರ ಸಮೇತ ಇತ್ತು. ಭಾಷೆ ಅವರದ್ದಲ್ಲ, ಅಷ್ಟೇ. ಕರ್ನಾಟಕದಲ್ಲಿ ಇಷ್ಟೊಂದು ಮೆಷಿನ್ ಮಾರುವವರಿಗೆ ನಾಲ್ಕು ಪುಟ ಕನ್ನಡದಲ್ಲಿ ಅಚ್ಚು ಹಾಕಿಸೋದು ಕಷ್ಟವಾ? ಬಟನ್‌ಗಳ ಮೇಲೆ ಕನ್ನಡ ಇಲ್ಲದಿದ್ದರೂ ಬಾಗಿಲ ಒಳಗೆ ಒಂದು ಕನ್ನಡ ಚೀಟಿ ಅಂಟಿಸಲಿ. ಫಿಲ್ಟರ್ ತಿಂಗಳಿಗೊಮ್ಮೆ, ನೀರು ಬರುವ ಪೈಪಿನ ಜಾಲರಿ ಆರು ತಿಂಗಳಿಗೊಮ್ಮೆ, ಬಾಗಿಲು ತೆರೆದಿಡಿ. ಮೂರು ಸಾಲು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮನೆಬಳಕೆ ಯಂತ್ರಗಳೂ ಅದರ ಪಟ್ಟಿಯಲ್ಲಿದ್ದವು. ಮ್ಯಾನುವಲ್ ಸಿಗಬೇಕು, ಬಿಡಿಭಾಗ ಸಿಗಬೇಕು, ಕಂಪನಿಯವರಲ್ಲದವರೂ ರಿಪೇರಿ ಮಾಡುವ ಹಾಗಿರಬೇಕು ಅನ್ನೋದು ಅದರ ಆಶಯ. ಅದಕ್ಕಂತ ಒಂದು ಜಾಲತಾಣವನ್ನೂ ತೆರೆದರು. ಒಳ್ಳೆಯ ಕೆಲಸ. ಆದರೆ ಓದಲು ಬಾರದ ಭಾಷೆಯಲ್ಲಿ ಮ್ಯಾನುವಲ್ ಸಿಕ್ಕರೆ ಸಿಕ್ಕ ಹಾಗಾ? ನಮ್ಮ ರಾಜ್ಯ ಸರ್ಕಾರ ಇದನ್ನ ಕೇಳಬೇಕು. ಯಾರಾದರೂ ನಿಮಗೆ ಸುಮ್ನೆ ದೊಡ್ಡ ಬಿಲ್ ಮಾಡಿ, ಬದಲಾಯಿಸಿದ ಭಾಗ ತೋರಿಸದೆ ಹೋದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹಳೇ ಭಾಗವನ್ನ ಕೈಗೆ ಕೊಡಿ ಅಂತ ಕೇಳಲು ಸಂಕೋಚ ಬೇಡ. ನನ್ನನ್ನೂ ಕೇಳಿ.

ನಾನು ಇದನ್ನೆಲ್ಲ ಬರೆದರೆ ನಿನ್ನ ಹೊಟ್ಟೆ ಮೇಲೆ ನೀನೇ ಹೊಡೆದುಕೊಂಡ ಹಾಗಲ್ವಾ ಅಂತ ಅಂಗಡಿಯ ಹುಡುಗ ಕೇಳಿದ. ಇಲ್ಲ. ನಿಜವಾಗಿ ಕೆಟ್ಟ ಮೆಷಿನ್‌ಗಳು ಬೇಕಾದಷ್ಟಿವೆ, ಬೇರಿಂಗ್, ಬೋರ್ಡ್, ಬೆಲ್ಟ್. ಆ ಕೆಲಸಕ್ಕೆ ನಾವು ಕಲಿತಿರೋದು. ಕೂದಲಿನ ಉಂಡೆ ತೆಗೆದು ನಾನೂರು ರೂಪಾಯಿ ತೆಗೆದುಕೊಳ್ಳೋದಕ್ಕಲ್ಲ. ಮನೆಗೆಲಸ ಮಾಡಿ ದುಡ್ಡು ಕೂಡಿಸಿ ಸೆಕೆಂಡ್ ಹ್ಯಾಂಡ್ ಮೆಷಿನ್ ತಗೊಂಡವರ ಮನೆಗೂ ಹೋಗುತ್ತೇನೆ. ಅವರಿಗೆ ಎರಡು ವರ್ಷಕ್ಕೆ ಅದು ಗುಜರಿಗೆ ಹೋದರೆ ಮತ್ತೆ ಸೊಂಟ ಬಗ್ಗಿಸಿ ಕಲ್ಲಿನ ಮುಂದೆ ನಿಲ್ಲಬೇಕು. ಅದು ನನಗೆ ಇಷ್ಟ ಇಲ್ಲ.

ಆಯುಧ ಪೂಜೆಗೆ ನಮ್ಮ ಕಡೆ ವಾಷಿಂಗ್ ಮೆಷಿನ್‌ಗೂ ಕುಂಕುಮ ಹಚ್ಚಿ ಸೇವಂತಿಗೆ ಇಡುತ್ತಾರೆ. ನೋಡೋಕೆ ಖುಷಿ ಆಗುತ್ತದೆ, ಇದು ನಮ್ಮ ಕೈಕೆಲಸಕ್ಕೆ ಆಗಿದ್ದು ಅನ್ನೋ ಮರ್ಯಾದೆ ಅದು. ಈ ಸಲ ಹೂ ಇಡುವ ಹಿಂದಿನ ದಿನ ಫಿಲ್ಟರ್ ತೆಗೆದು ತೊಳೆಯಿರಿ. ದೀಪಾವಳಿಗೆ ನೀರು ತುಂಬುವ ಹಬ್ಬದಲ್ಲಿ ಹಂಡೆ ಬೆಳಗುತ್ತೀರಲ್ವಾ, ಅವತ್ತು ನಿಂಬೆ ಉಪ್ಪು ಹಾಕಿ ಮೆಷಿನನ್ನೂ ಒಂದು ಸಲ ಓಡಿಸಿ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಮೆಷಿನ್ ಬಗ್ಗೆ ಬರೆಯುವಾಗ ಕಾಲು ಪುಟ ಇದಕ್ಕೆ ಕೊಡಿ. ಫಿಲ್ಟರ್ ಎಲ್ಲಿದೆ, ಜಾಲರಿ ಎಲ್ಲಿದೆ, ಡ್ರಾಯರ್ ಹೇಗೆ ಎಳೆಯಬೇಕು ಅಂತ ಫೋಟೋ ಸಮೇತ ಹಾಕಿದರೆ ಜನ ಕತ್ತರಿಸಿ ಬಚ್ಚಲ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಫೋಟೋಗೆ ನಿಮ್ಮವರನ್ನ ಕಳಿಸಿ. ಒಂದು ಹಳೇ ಫ್ರಂಟ್ ಲೋಡನ್ನ ಪೂರ್ತಿ ಬಿಚ್ಚಿ ಅಂಗಡಿ ಮುಂದೆ ಇಟ್ಟಿದ್ದೇನೆ, ಸುಣ್ಣ ಮೆತ್ತಿದ ರಾಡೂ ಅಲ್ಲೇ ಇದೆ.

ಇಂತಿ,
ಒಬ್ಬ ವಾಷಿಂಗ್ ಮೆಷಿನ್ ಮೆಕ್ಯಾನಿಕ್
ತುಮಕೂರು